ಒಂದು ಗೇಣು ಹೆಣಿಗೆ

ಸೋಮಲಿಂಗ ಗೂಟಕ್ಕಿದ್ದ ಬಾರುಕೋಲಿಗೆ ಕೈ ಹಾಕಿದಾಗ ಮಹಾನಂದಾ ಕೂತಲ್ಲಿಂದ ಅರ್ಧ ಎದ್ದಳು.

"ಇದನ್ನ ಇಡೂಣು ಹುಚ್ಚಪ್ಪನ ಕೈಯಾಗ. ಬಿಗಿ ನೋಡ್ರಿ ಹೆಂಗೈತಿ!" ಎಂದು ಅವನು ಹೆಣದ ಸುತ್ತ ಕೂತವರಿಗೆ ಎತ್ತಿ ತೋರಿಸಿದ. ಅವನೂ ಹುಚ್ಚಪ್ಪನೂ ನಲವತ್ತು ವರ್ಷ ಒಂದೇ ಕಟ್ಟೆಯ ಮೇಲೆ ಕೂತು ತೊಗಲು ಸೀಳಿ, ಬಾರು ಹೆಣೆದವರು.

ಚೊಳಚಗುಡ್ಡದ ಈ ಓಣಿಯಲ್ಲಿ ಬಾರುಕೋಲು ಹೆಣೆಯುವವನು ಸತ್ತರೆ ಅವನ ಕೈಯದೇ ಒಂದನ್ನು ಜೊತೆಗಿಟ್ಟು ಮಣ್ಣು ಮಾಡಬೇಕು. ಬೇರೆಯವರು ಹೆಣೆದದ್ದು ಕುಣಿಗೆ ಹೋಯಿತೋ, ಹೆಣೆದವರ ಬೆರಳುಗಳು ಸೆಟೆದು ನಿಲ್ಲುತ್ತವಂತೆ. ಪರೀಕ್ಷೆ ಮಾಡಿ ನೋಡುವ ಧೈರ್ಯ ಮಾತ್ರ ಯಾರಿಗೂ ಬಂದಿಲ್ಲ.

ಆ ಬಾರುಕೋಲು ಮಗಳು ಮಹಾನಂದಾ ಹೆಣೆದದ್ದು. ಅವಳು ತಾಯಿಯ ಕಿವಿಯ ಹತ್ತಿರ ಬಗ್ಗಿದಳು.

"ಬಾಯಿ ಬಿಟ್ಟೀ ಅಂದ್ರ ನೋಡು," ಯಮನವ್ವ ಪಿಸುಗುಟ್ಟಿದಳು. "ಹೋದವನ ಹೆಸರು ಕೆಡಸಬ್ಯಾಡ."

"ಮತ್ತ ನನ್ನ ಕೈ, ಯವ್ವಾ?"

ಯಮನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

*

ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಹುಚ್ಚಪ್ಪನ ಬಲಗೈ ಸೋತಿತ್ತು. ಹೆಣಿಗೆ ಹಾವು ಹರಿದಂತೆ ಸೊಟ್ಟಗಾಗುತ್ತಿತ್ತು. ಅವನು ಬಿಡಲೊಲ್ಲ. ಬೆಳಿಗ್ಗೆ ಬಾರು ನೆನೆಹಾಕಿ, ಮಧ್ಯಾಹ್ನದವರೆಗೆ ಒಂದು ಗೇಣು ಹೆಣೆದು, ಬೋಗುಣಿಯ ನೀರಿನಲ್ಲಿ ಬಿಟ್ಟು ಚಹಾದಂಗಡಿಗೆ ಹೋಗುತ್ತಿದ್ದ. ತಿರುಗಿ ಬರುವುದರೊಳಗೆ ಮಹಾನಂದಾ ಅದನ್ನು ಬಿಚ್ಚಿ, ಮೊದಲಿನಿಂದ ಬಿಗಿಯಾಗಿ ಹೆಣೆದಿಡುತ್ತಿದ್ದಳು.

ಅವನು ಬಂದು ಹೆಬ್ಬೆರಳಾಡಿಸುತ್ತಿದ್ದ. "ಏನಂತಿ, ನನ್ನ ಕೈ ಇನ್ನೂ ಐತಿಲ್ಲೋ?"

"ನಿನ್ನ ಕೈಗೆ ಏನಾಗೇತಿ ಬಿಡಪಾ."

ಒಂದು ದಿನ ಮಾತ್ರ ಹೆಬ್ಬೆರಳು ನಡುವೆ ನಿಂತಿತು. "ಇವತ್ತ ಒಂದು ಸುತ್ತು ಅವಸರ ಆಗೇತಿ," ಎಂದ. "ನಾಳಿಂದ ಚಹಾದಂಗಡ್ಯಾಗ ಇನ್ನೊಂದೀಟು ಹೊತ್ತು ಕೂಡ್ತೇನಿ."

ಮಹಾನಂದಾ ಬೋಗುಣಿ ಎತ್ತಿಕೊಂಡು ನೀರು ಬದಲಿಸಲು ಹೋದಳು.

*

"ಏಳ್ರಿ, ಹೊತ್ತು ಇಳೀತು," ಎಂದರು ಯಾರೋ. ಸೋಮಲಿಂಗ ಸತ್ತವನ ಬೆರಳು ಬಿಡಿಸಲು ಬಗ್ಗಿದ.

"ಕಾಕಾ, ತಡೀರಿ. ಅದು ಅಪ್ಪಂದಲ್ಲ. ನಾ ಹೆಣದದ್ದು."

ಯಮನವ್ವ ಹಣೆ ಬಡಿದುಕೊಂಡಳು.

"ಇದೊಂದ ಏನು?" ಸೋಮಲಿಂಗ ಕೇಳಿದ.

"ಎರಡು ವರ್ಷದಾವು ಎಲ್ಲಾ."

ಅವನು ಬಾರುಕೋಲನ್ನು ಮಗುಚಿ ಮಗುಚಿ ನೋಡಿದ. "ಹಂಗಾದ್ರ ಅವನ ಕೈಂದು ಒಂದೂ ಇಲ್ಲೇನು? ಬರಿಗೈಲೆ ಕಳಸೂದಾ?"

ಹಳೆಯವೆಲ್ಲ ಎಂದೋ ಸಂತೆಯಲ್ಲಿ ಮಾರಿ ಹೋಗಿದ್ದವು. ತನ್ನ ಕೈ ಉಳಿಸಿಕೊಳ್ಳಲು ಹೋಗಿ ಅಪ್ಪನನ್ನು ಬರಿಗೈ ಮಾಡಿದೆನಲ್ಲ ಎಂದುಕೊಂಡಳು ಮಹಾನಂದಾ. ಅತ್ತಿತ್ತ ನೋಡಿದಳು. ಕಟ್ಟೆಯ ಕೆಳಗೆ ಬೋಗುಣಿ ಹಾಗೇ ಇತ್ತು. ನಿನ್ನೆ ಅವನು ಚಹಾದಂಗಡಿಯಲ್ಲೇ ಕುಸಿದಿದ್ದ. ಅವಳು ಬೋಗುಣಿಗೆ ಕೈ ಹಾಕುವ ಮೊದಲೇ ಜನ ಕೂಗುತ್ತ ಓಡಿ ಬಂದಿದ್ದರು.

ಅವಳು ನೀರಿನಿಂದ ತೆಗೆದಳು. ಒಂದು ಗೇಣು ಹೆಣಿಗೆ, ಸಡಿಲ, ಸೊಟ್ಟ. ಉಳಿದ ಬಾರುಗಳು ಹಾಗೇ ಜೋತಾಡುತ್ತಿದ್ದವು. ಸೋಮಲಿಂಗ ಅದನ್ನು ನೋಡಿದ. ಗೆಳೆಯನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿದ. ಅವಳು ಇಟ್ಟಳು.

ಹೊಸ ಧೋತರದ ಮೇಲೆ ನೀರು ಹನಿಯಿತು. ಮೂರನೆಯ ಸುತ್ತಿನಲ್ಲಿ ಒಂದು ಬಾರು ಹೊರಗೆ ಎದ್ದು ನಿಂತಿತ್ತು. ರೂಢಿಯಂತೆ ಮಹಾನಂದಾಳ ಬೆರಳು ಅದನ್ನು ಜಗ್ಗಲು ಹೋಯಿತು. ಹಿಂದಕ್ಕೆ ತೆಗೆದುಕೊಂಡಳು.