ಕಾಟಪ್ಪ ಅಡುಗೆ ಕಲಿತದ್ದು

ವರವು ಕಾವಲೆಂಬ ಹುಲ್ಲುಗಾವಲಿನಲ್ಲಿ ದನ ಮೇಯಿಸುವಾಗ ಹತ್ತು ಜನಕ್ಕೆ ಮುದ್ದೆ, ಬಾಡಿನ ಸಾರು ಮಾಡುತ್ತಿದ್ದವನು ನಾನೇ. ಉಂಡವರು ಬೆರಳು ನೆಕ್ಕುತ್ತಿದ್ದರು. ಆದರೆ ನನಗೆ ಬರುತ್ತಿದ್ದದ್ದು ಆ ಎರಡೇ. ನಾಲ್ಕು ಬಗೆ ಸರಿಯಾಗಿ ಕಲಿತು ಅಡುಗೆಯಿಂದಲೇ ಬದುಕಬೇಕೆಂದು ಇಪ್ಪತ್ತಾರನೆಯ ವಯಸ್ಸಿನಲ್ಲಿ ಹೊರಟೆ.

ಮೊದಲು ಚಳ್ಳಕೆರೆಯ ಒಂದು ಛತ್ರಕ್ಕೆ ಹೋದೆ. ಅಡುಗೆಯ ಐನೋರು ಬಾಗಿಲಲ್ಲೇ ತಡೆದರು.

"ಒಳಗೆ ಕಾಲಿಟ್ಟೀಯೆ, ಜೋಕೆ! ಕಲೀಬೇಕು ಅಂದ್ರೆ ಹಿತ್ತಲಲ್ಲಿ ಸೌದೆ ಒಡಿ."

ಒಂದು ತಿಂಗಳು ಒಡೆದೆ. ಗೋಡೆಯಾಚೆ ಒಗ್ಗರಣೆ ಚಟಪಟ ಅನ್ನುತ್ತಿತ್ತು. ಅದಕ್ಕೆ ಏನೇನು ಬಿತ್ತೆಂದು ನಾನು ಮೂಗಿನಿಂದ ಊಹಿಸಬೇಕು. ಮೂಗಿನಿಂದ ಅಡುಗೆ ಕಲಿತವರು ಲೋಕದಲ್ಲಿ ಯಾರಿದ್ದಾರೆ? ಕೊಡಲಿ ಬಿಸಾಕಿ ಬಂದುಬಿಟ್ಟೆ.

ಮೊಳಕಾಲ್ಮೂರಿನ ಮುಸಾಫಿರ್ ಬಂಗಲೆಯಲ್ಲಿ ಬಟ್ಲರ್ ಬುಡೇನ್ ಸಾಬರಿದ್ದರು. ಬಳ್ಳಾರಿ ಕಡೆಯಿಂದ ಬರುವ ಬಿಳಿ ದೊರೆಗಳಿಗೆಲ್ಲ ಅವರದೇ ಅಡುಗೆ. ಅವರು ನನ್ನ ಜಾತಿ ಕೇಳಲಿಲ್ಲ. "ಕೈ ಸಾಫ್ ಐತೇನೋ? ಬಾ," ಅಂದರು. ಮೂರು ತಿಂಗಳಲ್ಲಿ ಕುರ್ಮಾ ಕಲಿಸಿದರು, ಪಲಾವು ಕಲಿಸಿದರು. ಆಮೇಲೆ ಕೋಳಿ ಬಂತು.

ನಮ್ಮ ಮ್ಯಾಸಬೇಡರ ಹಟ್ಟಿಯಲ್ಲಿ ಕುರಿ, ಮೇಕೆ ನಡೆಯುತ್ತದೆ. ಕೋಳಿ ಮಾತ್ರ ಕೂಡದು. ಸಾಕುವಂತಿಲ್ಲ, ತಿನ್ನುವಂತಿಲ್ಲ, ಮುಟ್ಟುವಂತೆಯೂ ಇಲ್ಲ. ದೊರೆಗಳಿಗೋ, ಕೋಳಿ ಇಲ್ಲದ ಊಟ ಊಟವೇ ಅಲ್ಲ.

"ಸಾಬ್ರೇ, ಇದೊಂದ ನೀವೇ ಮಾಡ್ರಿ," ಅಂದೆ.

"ಎಷ್ಟು ದಿನ ಮಾಡ್ಲೋ? ನಾಳೆ ಇಂಜಿನಿಯರ್ ದೊರೆ ಬರ್ತಾನೆ. ನಿನ್ನ ಕೈ ಅಡ್ಗೆ ಮೆಚ್ಚಿ ಚೀಟಿ ಬರ್ಕೊಟ್ರೆ ಯಾವ ಬಂಗ್ಲೇಲಾದ್ರೂ ಕೆಲ್ಸ ಸಿಗ್ತೈತೆ. ಇಲ್ಲಾಂದ್ರೆ ವಾಪಸ್ ದನ ಕಾಯಾಕೆ ಹೋಗು."

ನಾನು ಜಾಣತನ ಮಾಡಿದೆ. ಸಾಬರು ಕೋಳಿ ಕೊಯ್ದು, ತುಂಡು ಮಾಡಿ ಪಾತ್ರೆಗೆ ಹಾಕಿದರು. ನಾನು ಉದ್ದನೆಯ ಸೌಟಿನಿಂದ ತಿರುವಿದೆ. ಬೆರಳು ಸೋಕಿಸಲಿಲ್ಲ, ರುಚಿಯನ್ನೂ ನೋಡಲಿಲ್ಲ. ಮುದಿ ಮೇಕೆಯ ಬಾಡು ಬೇಯಿಸಿದ ಹಾಗೆ ಎರಡು ತಾಸು ಬೇಯಿಸಿದೆ. ಮಾಂಸವೆಲ್ಲ ಬಿಟ್ಟುಕೊಂಡು ಬರೀ ಎಲುಬು ಉಳಿಯಿತು. ಸಾಬರು ಹಣೆ ಹಣೆ ಚಚ್ಚಿಕೊಂಡರು. ಎಲುಬು ಸೋಸಿ, ಮೆಣಸಿನಪುಡಿ ಉದುರಿಸಿ, ಸೂಪೆಂದು ಬಡಿಸಿದೆ. ದೊರೆ ಎರಡು ಸಲ ಹಾಕಿಸಿಕೊಂಡು ಕುಡಿದ, ಚೀಟಿಯನ್ನೂ ಬರೆದುಕೊಟ್ಟ.

ಅದನ್ನು ಅವ್ವನಿಗೆ ತೋರಿಸಲೆಂದು ಹಟ್ಟಿಗೆ ಓಡಿದೆ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಮುಳ್ಳುಬೇಲಿಯ ಬಾಗಿಲಲ್ಲಿ ಹಟ್ಟಿಯ ಯಜಮಾನ ದೊಡ್ಡಪಾಲಯ್ಯನವರು ನಿಂತಿದ್ದರು.

"ಕೋಳಿ ಮುಟ್ಟಿದ್ಯೇನ್ಲೇ ಕಾಟಪ್ಪ?"

"ಇಲ್ಲ ಕಣ್ರಿ."

"ತಿಂದ್ಯಾ?"

"ಇಲ್ಲ."

"ಅದ್ರ ಹಬೆ?"

ಎರಡು ತಾಸು ಒಲೆಯ ಮುಂದೆ ನಿಂತವನು ಉಸಿರಾಡದೆ ಇರುತ್ತಾನೆಯೇ?

"ದೇವರ ಎತ್ತಿನ ಮುಂದೆ ಆಣೆ ಇಡು, ಆ ಒಲೆ ತಾವ ಇನ್ನ ಹೋಗಲ್ಲ ಅಂತ. ಇಲ್ಲಾಂದ್ರೆ ಬೇಲಿ ಆಚೀಕೇ ಇರು."

ನನಗೆ ಮೈಯೆಲ್ಲ ಉರಿದುಹೋಯಿತು. ಛತ್ರದಲ್ಲಿ ನನ್ನ ಕೈ ಅಡುಗೆಗೆ ಮೈಲಿಗೆ. ಇಲ್ಲಿ ಅಡುಗೆಯೇ ನನ್ನ ಕೈಗೆ ಮೈಲಿಗೆ.

"ಹಂಗಾದ್ರೆ ನಾನು ಎಲ್ಲಿ ಕಲೀಲಿ? ನೀವೇ ಹೇಳ್ರಿ!" ಅಂತ ಕೂಗಿದೆ. ಯಜಮಾನರು ಹಟ್ಟಿಯವರು ಪೂಜಿಸುವ ದೇವರ ಎತ್ತಿನ ಕಡೆ ಕೈ ತೋರಿಸಿದರು.

"ಆಣೆ ಇಡಲ್ಲ," ಅಂದೆ.

ಯಜಮಾನರ ಹಿಂದೆ ನಿಂತಿದ್ದ ಅವ್ವ ಕಣ್ಣೊರೆಸಿಕೊಂಡು ಒಳಗೆ ಹೋದಳು. ಮುತ್ತುಗದ ಎಲೆಯಲ್ಲಿ ಮುದ್ದೆ, ದೊನ್ನೆಯಲ್ಲಿ ಸಾರು ತಂದು ಬೇಲಿಯಾಚೆ ನೆಲದ ಮೇಲಿಟ್ಟು ಹಿಂದೆ ಸರಿದಳು, ಪರದೇಸಿಗೆ ಇಡುವ ಹಾಗೆ.

"ಹೆಂಗೈತೋ ಸಾರು?" ಅಂತ ಅಲ್ಲಿಂದಲೇ ಕೇಳಿದಳು.

ಉಪ್ಪು ಸಾಲದಾಗಿತ್ತು. ಉಪ್ಪು ಹಾಕುವುದರಲ್ಲಿ ಅವ್ವನದು ಮೊದಲಿನಿಂದಲೂ ಹಿಂಜರಿಯುವ ಕೈ; ಕೊನೆಯ ಚಿಟಿಕೆ ಯಾವಾಗಲೂ ನಾನೇ ಹಾಕುತ್ತಿದ್ದೆ.

"ಚೆನ್ನಾಗೈತವ್ವ," ಅಂದು ಉಂಡೆ.