ವಿಶಾಲಾಕ್ಷಮ್ಮನ ಕಾಲಿನ ಮುಳ್ಳು

ಲಸಿಕೆ ಹಾಕುವ ಗುರುವಾರ ಬಂತೆಂದರೆ ಸಾಕು, ಅಜ್ಜಂಪುರದ ವಿಶಾಲಾಕ್ಷಮ್ಮನಿಗೆ ಬೀರೂರಿನ ತಂಗಿಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ ಬರುತ್ತಿತ್ತು. ಒಂದೂವರೆ ವರ್ಷದ ಮೊಮ್ಮಗಳು ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ರೈಲು ಹತ್ತಿದಳೆಂದರೆ, ಅಂಗನವಾಡಿಯ ಬಾಗಿಲು ಹಾಕಿದ ಮೇಲೆಯೇ ವಾಪಸು. ಆಶಾ ಕಾರ್ಯಕರ್ತೆ ಯಲ್ಲಮ್ಮ ಪಾಪ, ಮನೆಯ ಬೀಗ ನೋಡಿಕೊಂಡು ಹೋಗುತ್ತಿದ್ದಳು.

ಮುದುಕಿಗೂ ಕಾರಣವಿತ್ತು. ಹಿಂದೊಮ್ಮೆ ಸೂಜಿ ಹಾಕಿಸಿದಾಗ ಮಗುವಿನ ತೊಡೆ ಊದಿ, ಮೈ ಕಾದ ಹಂಚಾಗಿತ್ತು. "ಪುಗಸಟ್ಟೆ ಕೊಡ್ತಾರೆ ಅಂತ ಜ್ವರಾನೂ ಇಸ್ಕೊಂಡ್ ಬರ್ಬೇಕೇನೇ?" ಎಂದು ಸೊಸೆ ಕೃತಿಕಾಳ ಬಾಯಿ ಮುಚ್ಚಿಸಿದ್ದಳು. ಕೃತಿಕಾ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಊರ ಮಕ್ಕಳೆಲ್ಲ ಅವಳ ಮಾತು ಕೇಳುತ್ತಿದ್ದರು, ಅತ್ತೆಯೊಬ್ಬಳನ್ನು ಬಿಟ್ಟು. ಹಿಂದಿನ ಬೀದಿಯ ಕೂಸಿಗೆ, ಆ ಲಸಿಕೆ ತಡೆಯುವ ನಾಯಿಕೆಮ್ಮೇ ಹತ್ತಿದೆ ಎಂದು ತಿಳಿದ ಮೇಲಂತೂ ಅವಳು ದಿನವೂ ಪುಟ್ಟಿಯ ಲಸಿಕೆ ಕಾರ್ಡು ತೆಗೆದು ನೋಡತೊಡಗಿದಳು.

ಆ ಗುರುವಾರ ಯಲ್ಲಮ್ಮ ಬೀದಿಯ ತುದಿಯಲ್ಲೇ ಕಾದು ನಿಂತಿದ್ದಳು. ಅವಳ ಕಣ್ಣು ತಪ್ಪಿಸಲು ವಿಶಾಲಾಕ್ಷಮ್ಮ ಜಾಲಿಗಿಡಗಳ ನಡುವೆ ನುಸುಳಿ ಸ್ಟೇಷನ್ನಿಗೆ ಹೋದಳು. ಚಪ್ಪಲಿ ತೂರಿದ ಮುಳ್ಳು ಅಂಗಾಲಲ್ಲಿ ಮುರಿಯಿತು. ಮಾರನೆಯ ದಿನ ಕಾಲು ಊದಿಕೊಂಡು, ಬೀದಿಗೆಲ್ಲ ಮುಳ್ಳು ತೆಗೆಯುವವಳೇ ಸೊಸೆಯ ಮುಂದೆ ಕಾಲು ಚಾಚಿ ಕೂರಬೇಕಾಯಿತು.

ಕೃತಿಕಾ ಪಿನ್ನು ಕಾಯಿಸಿ ತಂದಳು. ಅತ್ತೆಯ ಗಮನ ಬೇರೆಡೆ ಹೋಗಲೆಂದು ಮೆಚ್ನಿಕೋಫ್ ಎಂಬ ವಿಜ್ಞಾನಿಯ ಕಥೆ ತೆಗೆದಳು. ನೂರು ವರ್ಷಕ್ಕೂ ಹಿಂದಿನ ಮಾತು. ಆತ ಕಡಲಿನ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿದ್ದನಂತೆ. ಗಾಜಿನ ಹಾಗೆ ಒಳಗಿನದೆಲ್ಲ ಕಾಣುವ ಮರಿ ಅದು. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಸಣ್ಣ ಜೀವಕೋಶಗಳು ಮುತ್ತಿಕೊಂಡಿದ್ದವು. ಹೊರಗಿನಿಂದ ನುಗ್ಗಿದ್ದನ್ನು ತಿಂದುಹಾಕುವ ಕಾವಲುಗಾರರು.

"ಆ ಮೀನ್ಮರಿ ಅವನಿಗೇನ್ ಮಾಡಿತ್ತಂತೆ?" ಎಂದಳು ವಿಶಾಲಾಕ್ಷಮ್ಮ. ಆಮೇಲೆ ತನ್ನ ಪಾದ ನೋಡಿಕೊಂಡಳು. "ಹಂಗಾದ್ರೆ ಈ ಬಾವು ಮುಳ್ಳಿನ ಆಟ ಅಲ್ಲ, ನನ್ ಮೈದೇ?"

"ನಿಮ್ ಮೈದೇ ಅತ್ತೆ. ಜಗಳಕ್ಕೆ ನಿಂತೈತೆ."

"ಪುಟ್ಟಿ ತೊಡೆ ಊದಿದ್ದು?"

"ಅದೂ ಅಷ್ಟೇ. ಕಳ್ಳ ಬರೋಕ್ ಮುಂಚೆ ಕಾವಲಿನವ್ರಿಗೆ ಅವನ ಗುರುತು ತೋರ್ಸಿದಂಗೆ, ಈ ಲಸಿಕೆ."

ಅಷ್ಟರಲ್ಲಿ ಮುಳ್ಳು ಹೊರಬಂತು. ವಿಶಾಲಾಕ್ಷಮ್ಮನಿಗೆ ಮುಳ್ಳು ತೆಗೆಸಿಕೊಳ್ಳಲು ಬಂದವರಿಗೆಲ್ಲ ತಾನೇ ಹೇಳುತ್ತಿದ್ದ ಮಾತು ನೆನಪಾಯಿತು: ಊದಿದ್ರೆ ಹೆದರ್ಬೇಡ್ರೋ, ಮೈಯೇ ಅದನ್ನ ಹೊರಕ್ಕೆ ತಳ್ತೈತೆ. ಊರಿಗೆಲ್ಲ ಹೇಳಿದ ಬುದ್ಧಿ ಮೊಮ್ಮಗಳ ವಿಷಯಕ್ಕೆ ಎಲ್ಲಿ ಹೋಗಿತ್ತೋ ಎಂದು ಅವಳಿಗೇ ನಾಚಿಕೆಯಾಯಿತು.

ಮುಂದಿನ ಗುರುವಾರ ಯಲ್ಲಮ್ಮ ಬರುವಷ್ಟರಲ್ಲಿ ಅಜ್ಜಿ ಮೊಮ್ಮಗಳು ಅಂಗನವಾಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಮಗು ಅತ್ತಿತು, ಅಜ್ಜಿಯೂ ಅತ್ತಳು, ಅಂತೂ ಸೂಜಿ ಹಾಕಿಸಿದ್ದಾಯಿತು.

ಬೆಳಿಗ್ಗೆ ನೋಡಿದರೆ ವಿಶಾಲಾಕ್ಷಮ್ಮ ಪುಟ್ಟಿಯ ಹಣೆ ಮುಟ್ಟಿ ಮುಟ್ಟಿ ನೋಡುತ್ತ ಮುಖ ಗಂಟು ಹಾಕಿಕೊಂಡಿದ್ದಳು. "ಮೈ ತಣ್ಣಗೈತಲ್ಲೇ ಕೃತಿಕಾ. ಆ ನರ್ಸಮ್ಮ ಸರಿಯಾಗಿ ಹಾಕಿದ್ಲೋ ಇಲ್ವೋ?"

ಎಲ್ಲರಿಗೂ ಜ್ವರ ಬರಬೇಕೆಂದಿಲ್ಲ, ಬಾರದಿದ್ದರೂ ಲಸಿಕೆ ಕೆಲಸ ಮಾಡುತ್ತದೆ ಎಂದು ಸೊಸೆ ನಗುತ್ತಲೇ ಬಿಡಿಸಿ ಹೇಳಬೇಕಾಯಿತು.

ಅಷ್ಟರಲ್ಲಿ ಬೀರೂರಿನ ತಂಗಿಯ ಫೋನು ಬಂತು. ನಿನ್ನೆ ಯಾಕೆ ಬರಲಿಲ್ಲ ಎಂದು ಅವಳ ಆಕ್ಷೇಪಣೆ. ವಿಶಾಲಾಕ್ಷಮ್ಮ, ನಿನ್ನ ಮೊಮ್ಮಗನಿಗೆ ಸೂಜಿ ಹಾಕಿಸಿದೆಯಾ ಎಂದು ಕೇಳಿದಳು. ಆ ಕಡೆಯಿಂದ ಬೀರೂರಿನ ಮಳೆಯ ಸುದ್ದಿ ಶುರುವಾಯಿತು.

"ಬರೋ ಗುರುವಾರ ಬತ್ತೀನಿ ಕಣೇ," ಎಂದಳು. "ಮಗೂನ ಎತ್ಕೊಂಡು ನಮ್ಮೂರಿನ ರೈಲು ಹತ್ಬೇಡ ಮತ್ತೆ."