ತೋಳಿಲ್ಲದ ಕೋಟು

ಡ್ರ್ಯಾಗನ್ನಿನ ರೆಕ್ಕೆಯ ಮೇಲೆ ಒದ್ದೆ ಬಟ್ಟೆ ಹಾಸಿ ಪುಟ್ಟಕ್ಕ ಇಸ್ತ್ರಿಪೆಟ್ಟಿಗೆ ಒತ್ತಿದಳು. ಬುಸ್ಸೆಂದು ಆವಿ ಎದ್ದಿತು. ಕಸೂತಿ ದಾರಕ್ಕೆ ನೇರ ಶಾಖ ತಗುಲಿದರೆ ಮುದುಡಿಕೊಳ್ಳುತ್ತದೆ. ಲಾಂಡ್ರಿ ನಡೆಸುತ್ತಲೇ ತಲೆ ನರೆತವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ರೆಕ್ಕೆ ಆದ ಮೇಲೆ ಬಾಲ, ಬಾಲ ಆದ ಮೇಲೆ ಪಕ್ಕದಲ್ಲಿ ಕತ್ತಿ ಹಿಡಿದು ನಿಂತ ರಾಜ. ಕಪ್ಪು ಜೀನ್ಸಿನ ಆ ತೋಳಿಲ್ಲದ ಕೋಟಿನ ತುಂಬ ಇಂಥವೇ ಬಟ್ಟೆಯ ಬಿಲ್ಲೆಗಳು. ಎಲ್ಲವನ್ನೂ ಅಣ್ಣನೇ ಕೂತು ಹೊಲಿದುಕೊಂಡಿದ್ದ. ಒಂದು ಹೊಲಿಗೆಯೂ ನೆಟ್ಟಗಿರಲಿಲ್ಲ.

ಅಣ್ಣ ಪಕ್ಕದ ಕೋಣೆಯಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಮಲಗಿದ್ದ. ಮೊನ್ನೆ ಊಟ ಮುಗಿಸಿ ಕುರ್ಚಿಗೆ ಒರಗಿದವನು ಏಳಲೇ ಇಲ್ಲ. ಅವನು ಲಿಫ್ಟ್ ರಿಪೇರಿಯವನು. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ತಂಗಿಯ ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದುಬಿಟ್ಟವನು. ಮನೆಯಲ್ಲಿ ಬಾಯಿಂದ ಮಾತು ಹೊರಡಿಸುವುದೇ ಕಷ್ಟ. ಆದರೆ ಲಿಫ್ಟಿನ ಬಾವಿಗೆ ಇಳಿದನೆಂದರೆ ತಾರಕ ಸ್ವರದಲ್ಲಿ ಹಾಡು ಶುರು. ಮೇಲಿನ ಮಹಡಿಯವರು ಲಿಫ್ಟೇ ಕಿರುಚುತ್ತಿದೆ ಎಂದುಕೊಂಡು ಆಫೀಸಿಗೆ ಫೋನು ಮಾಡಿದ್ದೂ ಉಂಟು.

ಪವರ್ ಮೆಟಲ್ ಸಂಗೀತವೆಂದರೆ ಅವನಿಗೆ ಅಷ್ಟು ಹುಚ್ಚು. ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುವ ಡ್ರಮ್ಮು, ಸೂರಿಗೆ ತಾಗುವ ಹಾಗೆ ಏರುವ ದನಿ, ಹಾಡಿನಲ್ಲೆಲ್ಲ ಬರೀ ರಾಜರು, ಕತ್ತಿ, ಡ್ರ್ಯಾಗನ್ನು. ಎಲ್ಲೇ ಕಾನ್ಸರ್ಟ್ ಇರಲಿ, ರಜೆ ಹಾಕಿ ಹೊರಡುತ್ತಿದ್ದ. ಬರುವಾಗ ಗಂಟಲು ಕಟ್ಟಿ, ಕೈಸನ್ನೆಯಲ್ಲೇ ಕಾಫಿ ಕೇಳುತ್ತಿದ್ದ. ಕೋಟನ್ನು ಮಾತ್ರ ಬೀದಿ ತಿರುವು ದಾಟಿದ ಮೇಲೆ ಹಾಕಿಕೋ ಎಂದು ಪುಟ್ಟಕ್ಕ ತಾಕೀತು ಮಾಡಿದ್ದಳು, ಗಿರಾಕಿಗಳು ನೋಡಿದರೆ ಏನಂದುಕೊಂಡಾರು ಎಂದು. ಅವನು ಅದನ್ನು ಚೀಲದಲ್ಲಿಟ್ಟುಕೊಂಡೇ ಹೋಗುತ್ತಿದ್ದ. ಒಗೆಯಲು ಕೇಳಿದರೆ, "ಅದೊಂದು ಬಿಟ್ಟು ಬೇರೆ ಏನಾದ್ರೂ ಒಗಿ ಪುಟ್ಟಿ" ಎನ್ನುತ್ತಿದ್ದ. ಬೇಸರವಾಗಿದೆ ಇವನಿಗೆ ನನ್ನ ಮೇಲೆ, ಎಂದು ಅವಳು ತಿಳಿದಿದ್ದಳು.

ನಿನ್ನೆ ಅವನ ಕಾನ್ಸರ್ಟ್ ಗೆಳೆಯರು ಫೋನು ಮಾಡಿ, ಪೆಟ್ಟಿಗೆಯ ಮೇಲೆ ಕೋಟು ಹಾಸಲು ಆಗುತ್ತದಾ ಎಂದು ಸಂಕೋಚದಿಂದ ಕೇಳಿದ್ದರು. ಚಿಕ್ಕಪ್ಪನ ಮಗ ಮೂಗು ಮುರಿದ. ಪುಟ್ಟಕ್ಕ ಹೂಂ ಅಂದುಬಿಟ್ಟಳು. ಬದುಕಿದ್ದಾಗ ಮುಚ್ಚಿಡಿಸಿದ್ದು ಸಾಕು, ಇದೊಂದನ್ನಾದರೂ ಅಣ್ಣನಿಗೆ ಸರಿಯಾಗಿ ಮಾಡಿ ಕಳಿಸಬೇಕು ಎನಿಸಿತ್ತು. ಬೀರುವಿನಿಂದ ತೆಗೆದರೆ ವಾಸನೆ ಮೂಗಿಗೆ ಬಡಿಯಿತು. ನೆನೆಹಾಕಿದಳು, ಉಜ್ಜಿದಳು. ಕಾಲರಿನ ಕೆಳಗಿನ ಒಂದು ಕಂದು ಕಲೆ ಜಪ್ಪಯ್ಯ ಅಂದರೂ ಬಿಡಲಿಲ್ಲ. ವಿನೆಗರ್ ಹಾಕಿ, ಮೆತ್ತನೆ ಬ್ರಷ್ಷಿನಲ್ಲಿ ಪಟ್ಟು ಹಿಡಿದು ತಿಕ್ಕಿದಳು. ಕೊನೆಗೂ ಹೋಯಿತು. ಅಳುವಿನ ನಡುವೆಯೂ ಅವಳಿಗೆ ಹೆಮ್ಮೆಯಾಯಿತು.

*

ಗೆಳೆಯರು ಬಂದಾಗ ಕೋಟು ಪೆಟ್ಟಿಗೆಯ ಮೇಲೆ ಬೆನ್ನು ಮೇಲಾಗಿ ಗರಿಗರಿಯಾಗಿ ಹಾಸಿತ್ತು. ಮುಂದೆ ಬಂದವಳು ಸಿಟಿ ಬಸ್ಸು ಓಡಿಸುವ ದಪ್ಪನೆಯ ಹೆಂಗಸು, ಅವಳ ಮೈಮೇಲೂ ಬಿಲ್ಲೆ ತುಂಬಿದ ತೋಳಿಲ್ಲದ ಕೋಟು. ಅವಳ ಹಿಂದೆ ಬೋಳುತಲೆಯ ಹಲ್ಲಿನ ಡಾಕ್ಟರು; ಟೈ ಕಟ್ಟಿದ ಬಿಳಿ ಅಂಗಿಯ ಮೇಲೆ ಅಂಥದೇ ತೋಳಿಲ್ಲದ ಕೋಟು. ಇಬ್ಬರೂ ಪೆಟ್ಟಿಗೆ ನೋಡಿ ನಿಂತಲ್ಲೇ ನಿಂತರು.

"ಒಗೆದುಬಿಟ್ರಾ ಅಮ್ಮಾ?" ಎಂದ ಡಾಕ್ಟರು ಮೆಲ್ಲಗೆ.

"ಮತ್ತೆ? ಎಷ್ಟು ಕೊಳೆ ಇತ್ತು ಅಂತೀರಿ. ಮೆಷಿನ್‌ಗೆ ಹಾಕಿಲ್ಲ, ಕೈಯಲ್ಲೇ ಉಜ್ಜಿದೀನಿ."

ಬಸ್ಸಿನಾಕೆ ಅವನನ್ನು ಮೊಣಕೈಯಲ್ಲಿ ತಿವಿದು, ತುಂಬಾ ಚೆನ್ನಾಗಿ ಬಂದಿದೆ ಅಂದಳು. ಆ ದನಿ ಪುಟ್ಟಕ್ಕನಿಗೆ ಗೊತ್ತು. ಸುಟ್ಟ ಅಂಗಿ ವಾಪಸು ಕೊಟ್ಟಾಗ ಒಳ್ಳೆಯ ಗಿರಾಕಿಗಳು ಹೀಗೇ ಮಾತಾಡುತ್ತಾರೆ. ಪುಟ್ಟಕ್ಕ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಓರೆ ಮಾಡಿದಳು.

"ಏನು ತಪ್ಪು ಮಾಡಿದೆ, ಹೇಳಿಬಿಡಮ್ಮ."

ಬಸ್ಸಿನಾಕೆ ಹಿಂದೆ ಮುಂದೆ ನೋಡಿ ಹೇಳಿದಳು. ಅವರಲ್ಲಿ ಆ ಕೋಟನ್ನು ಒಗೆಯುವುದಿಲ್ಲವಂತೆ, ಎಂದೂ. ಮಳೆ, ಬೆವರು, ಯಾರೋ ಚೆಲ್ಲಿದ ಬಿಯರು, ಎಲ್ಲ ಹಾಗೇ ಇರಬೇಕು. ಅದೇ ಕಾನ್ಸರ್ಟಿಗೆ ಹೋಗಿಬಂದ ಗುರುತು. ದಿನವಿಡೀ ಕೈ ತೊಳೆಯುವ ಡಾಕ್ಟರು ಕೂಡ ಕೋಟಿಗೆ ನೀರು ತಾಗಿಸಿದವನಲ್ಲ.

"ಅದೆಲ್ಲ ಹೋಗ್ಲಿ ಬಿಡಿ ಅಕ್ಕ. ಕಾಲರ್ ಕೆಳಗೆ ಒಂದು ಕೈ ಗುರುತಿತ್ತು, ಮಣ್ಣಿಂದು. ಆ ಜಾಗದಲ್ಲಿ ಮಾತ್ರ ಅವರು ಏನೂ ಹೊಲೀತಿರ್ಲಿಲ್ಲ. ಯಾರ್ದು ಅಂತ ಕೇಳಿದ್ರೆ, ನನ್ನ ತಂಗೀದು, ಅವಳೂ ಒಂದ್ಸಲ ಬಂದಿದ್ಲು ಅಂತ ತಿರುಗಿ ತಿರುಗಿ ತೋರಿಸೋರು."

ಪುಟ್ಟಕ್ಕ ಸಿಂಕಿನ ಅಂಚು ಹಿಡಿದುಕೊಂಡಳು. ಕೈಯಿಂದ ಇನ್ನೂ ವಿನೆಗರಿನ ವಾಸನೆ ಬರುತ್ತಿತ್ತು.

*

ಎಷ್ಟೋ ವರ್ಷಗಳ ಹಿಂದಿನ ಮಾತು. ಯಾರೋ ಬರುವುದು ತಪ್ಪಿ ಒಂದು ಟಿಕೇಟು ಉಳಿದಿತ್ತು. ಅಣ್ಣ ಕೈಕಾಲು ಮುರಿದುಕೊಂಡಾನೆಂದು ಕಾವಲಿಗೆ ಹೊರಟ ಹಾಗೆ ಅವಳು ಹೊರಟಳು, ಕಿವಿಗೆ ಹತ್ತಿ ತುರುಕಿಕೊಂಡು. ಬಯಲಲ್ಲಿ ಕಾನ್ಸರ್ಟು. ಮಳೆ ಬಂದು ನೆಲವೆಲ್ಲ ರಾಡಿ. ದೀಪ ಹತ್ತಿ ಡ್ರಮ್ಮು ಶುರುವಾದದ್ದೇ ತಡ, ಎದೆಯೊಳಗೆ ಯಾರೋ ಗುದ್ದಿದಂತಾಯಿತು. ಹತ್ತಿಯಿಂದ ಏನೇನೂ ಪ್ರಯೋಜನವಾಗಲಿಲ್ಲ.

ಆಮೇಲೆ ನಿಧಾನವಾದ ಒಂದು ಹಾಡು ಬಂತು, ಯುದ್ಧ ಮುಗಿಸಿ ಮನೆಗೆ ಹೊರಟವರದ್ದು. ಬಯಲಿಗೆ ಬಯಲೇ ಹಾಡತೊಡಗಿತು. ಅವಳ ಪಕ್ಕದ ದಾಂಡಿಗನೊಬ್ಬ ಗಳಗಳ ಅಳುತ್ತಿದ್ದ. ಅಣ್ಣ ಕಣ್ಣು ಮುಚ್ಚಿ, ಬಾಯಿ ತುಂಬ, ಒಂದಕ್ಷರ ಬಿಡದೆ ಹಾಡುತ್ತಿದ್ದ. ಇಷ್ಟು ವರ್ಷ ನನ್ನ ಮನೆಯಲ್ಲಿದ್ದದ್ದು ಇವನೇನಾ ಎಂದು ಮುಖ ನೋಡಲು ಒಂದು ಹೆಜ್ಜೆ ಮುಂದಿಟ್ಟವಳು ಜಾರಿ ಬಿದ್ದಳು. ಬಿದ್ದೆನೆಂದು ಗೊತ್ತಾಗುವಷ್ಟರಲ್ಲಿ ಎಲ್ಲೆಲ್ಲಿಂದಲೋ ಕೈಗಳು ಬಂದು ಎತ್ತಿ ನಿಲ್ಲಿಸಿದವು. ಅಲ್ಲಿ ಹಾಗಂತೆ, ಯಾರು ಬಿದ್ದರೂ ಸುತ್ತಲಿನವರು ಹಾಡು ಬಿಟ್ಟು ಬಗ್ಗಬೇಕು. ಅವಳು ಕೆಸರುಗೈಯಲ್ಲಿ ಅಣ್ಣನ ಬೆನ್ನು ಹಿಡಿದುಕೊಂಡಳು. ಹಾಡು ಮುಗಿಯುವವರೆಗೂ ಕೈ ತೆಗೆಯಲಿಲ್ಲ.

ಮನೆಗೆ ಬಂದು ಹೇಳಿದ್ದು ಮಾತ್ರ ಬೇರೆ. "ಕಿವಿ ತೂತಾಯ್ತು. ಇನ್ನೊಂದ್ಸಲ ಕರೀಬೇಡ ನನ್ನ."

ಅವನು ಕರೆಯಲಿಲ್ಲ. ಪ್ರತಿ ಸಲ ಅವನು ಚೀಲ ಹಿಡಿದು ಹೊರಟಾಗಲೂ, ಈ ಸಲ ಕರೆಯಬಹುದೇನೋ ಎಂದು ಅವಳು ಬಾಗಿಲ ಹತ್ತಿರ ಏನಾದರೊಂದು ಮಡಚುತ್ತ ನಿಂತಿರುತ್ತಿದ್ದಳು. ಬಾಯಿ ಬಿಟ್ಟು ಕೇಳಲು ಬಿಗುಮಾನ. ಅವನೋ, ಹೇಳಿದ ಮಾತಿಗೆ ಬೆಲೆ ಕೊಡುವವನು. ಬರ್ತೀನಿ ಪುಟ್ಟಿ, ಎಂದು ಹೊರಟುಬಿಡುತ್ತಿದ್ದ.

*

ಗುಂಡಿಯ ಪಕ್ಕದಲ್ಲಿ ಅಗೆದ ಮಣ್ಣು ಗುಡ್ಡೆಯಾಗಿತ್ತು, ಬೆಳಗಿನ ಮಳೆಗೆ ನೆನೆದು ಜಿಗುಟಾದ ಜೇಡಿಮಣ್ಣು. ಪೆಟ್ಟಿಗೆಯನ್ನು ಅಂಚಿನಲ್ಲಿಟ್ಟು ಪಟ್ಟಿಗಳನ್ನು ಬಿಗಿದರು. ಇಳಿಸೋಣವಾ ಎಂದು ಚಿಕ್ಕಪ್ಪನ ಮಗ ಕೇಳಿದ.

"ಸ್ವಲ್ಪ ತಾಳು" ಎಂದು ಪುಟ್ಟಕ್ಕ ಮಂಡಿಯೂರಿದಳು. ಬಲಗೈಯನ್ನು ಮಣಿಕಟ್ಟಿನವರೆಗೂ ಮಣ್ಣಿಗೆ ತುರುಕಿ ತೆಗೆದಳು.

"ಏನೇ ಇದು? ಈಗಷ್ಟೇ ಒಗೆದು ಇಸ್ತ್ರಿ ಮಾಡಿದ್ಯಲ್ಲೇ" ಎಂದ ಅವನು.

ಅವಳು ಪೆಟ್ಟಿಗೆಯ ಮೇಲಿನ ಕೋಟಿನತ್ತ ಬಾಗಿದಳು. ಕಾಲರಿನ ಕೆಳಗೆ, ಬಿಲ್ಲೆಗಳ ನಡುವೆ ಅಣ್ಣ ಬಿಟ್ಟಿದ್ದ ಜಾಗದಲ್ಲಿ ಬೆರಳು ಅಗಲಿಸಿ ಅಂಗೈ ಇಟ್ಟಳು. ಜೀನ್ಸ್ ಬಟ್ಟೆಗೆ ಕಲೆ ಹಿಡಿಯಲು ಎಷ್ಟು ಹೊತ್ತು ಬೇಕೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟು ಹೊತ್ತು ಒತ್ತಿ ಹಿಡಿದಳು. ಅತ್ತಳು, ಜನ ನೋಡುತ್ತಾರೆಂದು ಅನಿಸಲಿಲ್ಲ. ಕೈ ತೆಗೆದಾಗ ಐದೂ ಬೆರಳು ಸ್ಪಷ್ಟವಾಗಿ ಮೂಡಿದ್ದವು.

ಪೆಟ್ಟಿಗೆ ಇಳಿಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಬಸ್ಸಿನಾಕೆ ನೀರಿನ ಬಾಟಲಿ ತಂದು, ಕೈ ತೊಳ್ಕೊಳ್ಳಿ ಅಕ್ಕ, ಎಂದಳು. ಪುಟ್ಟಕ್ಕ ಬೇಡವೆಂದು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಬಸ್ಸಿನಾಕೆ ಆ ಕೈಯನ್ನೇ ನೋಡಿದಳು. ಬಾಟಲಿಯ ಮುಚ್ಚಳ ತಿರುಗಿಸಿ ಕಂಕುಳಲ್ಲಿಟ್ಟುಕೊಂಡು, ಕೋಟಿನ ಬೆನ್ನು ತೋರಿಸಿ ಸ್ವಲ್ಪ ಬಗ್ಗಿ ನಿಂತಳು. ಪುಟ್ಟಕ್ಕ ಮತ್ತೊಮ್ಮೆ ಮಣ್ಣಿಗೆ ಕೈಹಾಕಿದಳು. ಅತ್ತ ಹಲ್ಲಿನ ಡಾಕ್ಟರು, ಟೈ ಭುಜದ ಮೇಲೆ ಹಾಕಿಕೊಂಡು, ಆಗಲೇ ತಿರುಗಿ ನಿಂತಿದ್ದ.